ಕಾರಣ ಹೇಳದ ಕಡಿತ: ವಾಹನ ವಿಮೆಯ ಸರ್ವೇ ವರದಿಯನ್ನು ಓದುವ ಬಗೆ

ಭಾರತದಲ್ಲಿ ಅಪಘಾತಕ್ಕೀಡಾದ ಕಾರಿನ ದುರಸ್ತಿಗೆ ವಿಮಾ ಕಂಪನಿ ಎಷ್ಟು ಹಣ ಕೊಡಬೇಕೆಂಬುದು ಬಹುಮಟ್ಟಿಗೆ ಸರ್ವೇಯರ್ ಬರೆಯುವ ನಾಲ್ಕೈದು ಪುಟಗಳ ವರದಿಯಲ್ಲಿ ನಿರ್ಧಾರವಾಗುತ್ತದೆ. ಸರ್ವೇಯರ್ ಎಂದರೆ ವಿಮಾ ನಿಯಂತ್ರಣ ಪ್ರಾಧಿಕಾರವಾದ ಐಆರ್‌ಡಿಎಐಯಿಂದ ಪರವಾನಗಿ ಪಡೆದು, ನಷ್ಟದ ಕಾರಣವನ್ನೂ ಮೊತ್ತವನ್ನೂ ಅಳೆದು ಹೇಳುವ ವೃತ್ತಿಪರ. 1938ರ ವಿಮಾ ಕಾಯಿದೆಯ 64ಯುಎಂ ಕಲಮು ಮತ್ತು ಅದರಡಿಯ ನಿಯಮಗಳ ಪ್ರಕಾರ, ಸ್ವಂತ ಹಾನಿಯ, ಅಂದರೆ ಎದುರಿನವರ ನಷ್ಟವಲ್ಲದೆ ವಿಮೆ ಮಾಡಿಸಿದ ವಾಹನದ್ದೇ ನಷ್ಟದ ಬೇಡಿಕೆ 50,000 ರೂಪಾಯಿ ಮುಟ್ಟಿದರೆ ಅಂಥವನ ವರದಿ ಕಡ್ಡಾಯ. ಕಾಯಿದೆಯ ದೃಷ್ಟಿಯಲ್ಲಿ ಅವನು ಎರಡೂ ಕಡೆಗೆ ಸಮದೂರದಲ್ಲಿ ನಿಂತ ಮೂರನೆಯವನು. ಆದರೆ ಅವನನ್ನು ನೇಮಿಸುವುದೂ ಅವನ ಶುಲ್ಕ ಕೊಡುವುದೂ ವಿಮಾ ಕಂಪನಿಯೇ. ಈ ವ್ಯವಸ್ಥೆಯ ಬಗೆಗಿನ ದೂರುಗಳೆಲ್ಲ ಸಾಮಾನ್ಯವಾಗಿ ಇಲ್ಲಿಂದಲೇ ಹೊರಡುತ್ತವೆಯಾದರೂ, ವರದಿಯೆಂಬ ಬರಹವನ್ನೇ ಕೈಗೆತ್ತಿಕೊಂಡು ಓದಿದರೆ ದೋಷ ಇರುವುದು ಬೇರೆ ಕಡೆ ಎಂದು ತೋರುತ್ತದೆ.

ವರದಿಯ ತಿರುಳು ಒಂದು ಕೋಷ್ಟಕ. ಎಡಗಡೆ ಗ್ಯಾರೇಜು ಕೊಟ್ಟ ಎಸ್ಟಿಮೇಟು, ಬಲಗಡೆ ಸರ್ವೇಯರ್ ಒಪ್ಪಿದ ಮೊತ್ತ. ಉದಾಹರಣೆಗಾಗಿ ನಾಲ್ಕು ವರ್ಷ ಮೂರು ತಿಂಗಳು ಹಳೆಯದಾದ ಒಂದು ಸಣ್ಣ ಕಾರಿನ ಮುಂಭಾಗ ಜಜ್ಜಿಹೋಗಿದೆ ಎಂದು ಊಹಿಸಿಕೊಳ್ಳಬಹುದು. ತೆರಿಗೆ ಬಿಟ್ಟು ಬಂಪರಿಗೆ 8,000, ಬಾನೆಟ್ಟಿಗೆ 12,000, ಹೆಡ್‌ಲೈಟಿಗೆ 14,000, ಮುಂದಿನ ಗಾಜಿಗೆ 9,000, ಬಣ್ಣಕ್ಕೆ 10,000, ಒಟ್ಟು 53,000 ರೂಪಾಯಿಯ ಎಸ್ಟಿಮೇಟು. ಇದಕ್ಕೆ ಸವಕಳಿ, ಅಂದರೆ ಹಳೆಯ ಭಾಗ ತೆಗೆದು ಹೊಸದು ಹಾಕುವಾಗ ಅದರ ಬಳಕೆಯಾದ ಆಯುಸ್ಸಿಗೆ ತಕ್ಕಂತೆ ಮಾಡುವ ಕಡಿತ ಅನ್ವಯವಾಗುತ್ತದೆ. 2002ರ ಮೋಟಾರು ಟ್ಯಾರಿಫ್‌ನಿಂದ ಬಂದು ಇಂದಿಗೂ ಪಾಲಿಸಿಗಳಲ್ಲಿ ಉಳಿದಿರುವ ಪಟ್ಟಿಯಂತೆ ಪ್ಲಾಸ್ಟಿಕ್ಕಿಗೂ ರಬ್ಬರಿಗೂ ಶೇ. 50, ನಾಲ್ಕರಿಂದ ಐದು ವರ್ಷದೊಳಗಿನ ಲೋಹದ ಭಾಗಗಳಿಗೆ ಶೇ. 35, ಗಾಜಿಗೆ ಏನೂ ಇಲ್ಲ. ಬಣ್ಣದ ಬಿಲ್ಲು ಒಟ್ಟಾಗಿ ಬಂದಿದ್ದರೆ ಅದರ ಕಾಲು ಭಾಗವನ್ನು ಸಾಮಗ್ರಿಯ ಬೆಲೆ ಎಂದು ಹಿಡಿದು ಅದರಲ್ಲಿ ಅರ್ಧ ಕಳೆಯಲಾಗುತ್ತದೆ. ಹೀಗೆ 53,000 ಇದ್ದದ್ದು 36,550ಕ್ಕೆ ಇಳಿಯುತ್ತದೆ. 1,500 ಸಿಸಿ ಮೀರದ ಕಾರಿನ ಮಾಲೀಕ ಪ್ರತಿ ಕ್ಲೇಮಿನಲ್ಲೂ ತಾನೇ ಹೊರಬೇಕಾದ 1,000 ರೂಪಾಯಿಯ ಕಡ್ಡಾಯ ಕಡಿತವೂ ಕಳೆದು 35,550 ಉಳಿಯುತ್ತದೆ. ಗ್ಯಾರೇಜಿನ ಭಾಷೆಯಲ್ಲಿ ಹೆಡ್‌ಲೈಟಿನ ಮುಖವೂ ‘ಗ್ಲಾಸೇ’. ಆದರೆ ಈಗಿನ ಕಾರುಗಳಲ್ಲಿ ಅದು ಪಾಲಿಕಾರ್ಬೊನೇಟ್ ಎಂಬ ಪ್ಲಾಸ್ಟಿಕ್ಕಾದ್ದರಿಂದ ಪೂರ್ತಿ ಸಿಗುವುದೆಂದು ನಂಬಿದ 14,000ದಲ್ಲಿ ಅರ್ಧ ಹೋಗುತ್ತದೆ.

ಈ ಕಡಿತಗಳು ಕಠಿಣವಾಗಿರಬಹುದು, ಆದರೆ ಅನ್ಯಾಯವೆನ್ನಲಾಗದು. ಅವು ಪಾಲಿಸಿಯಲ್ಲೇ ಅಚ್ಚಾಗಿವೆ, ಹೆಚ್ಚಿನ ಪ್ರೀಮಿಯಂ ಕಟ್ಟಿ ‘ಬಂಪರ್ ಟು ಬಂಪರ್’ ಎಂದು ಜನ ಕರೆಯುವ ಶೂನ್ಯ ಸವಕಳಿಯ ಸೌಲಭ್ಯ ಪಡೆದವರಿಗೆ ಅವು ಬಹುಪಾಲು ತಟ್ಟುವುದೂ ಇಲ್ಲ. ತಕರಾರಿಗೆ ನಿಜವಾದ ಜಾಗ ಇರುವುದು ಪಟ್ಟಿಯ ದರ ಇಲ್ಲದೆ ಬರೀ ಅಭಿಪ್ರಾಯದಿಂದ ಮೊತ್ತ ಕುಸಿಯುವ ಸಾಲುಗಳಲ್ಲಿ. ಬಾನೆಟ್ಟನ್ನು ಬದಲಾಯಿಸಬೇಕೆಂದು ಗ್ಯಾರೇಜು ಬರೆದಿದ್ದರೆ ವರದಿಯಲ್ಲಿ ‘ಟಿಂಕರಿಂಗ್ ಸಾಕು’, ಅಂದರೆ ತಗಡನ್ನು ಬಡಿದು ಸರಿಮಾಡಿದರೆ ಸಾಕು ಎಂದು ಬಂದು 12,000ದ ಎದುರು 2,500 ನಿಲ್ಲಬಹುದು. ಒಳಗಿನ ರೇಡಿಯೇಟರ್ ಬ್ರಾಕೆಟ್ಟಿನ ಎದುರು ‘ಹಳೆಯ ಹಾನಿ’ ಎಂಬೆರಡು ಪದಗಳಷ್ಟೇ ಇರಬಹುದು. ತಗಡು ಎಷ್ಟು ಆಳಕ್ಕೆ ಮಡಚಿತ್ತು, ಬ್ರಾಕೆಟ್ಟಿನ ಮುರಿತದಲ್ಲಿ ತುಕ್ಕು ಕಂಡಿತೇ, ಯಾವ ಫೋಟೊ ಅದಕ್ಕೆ ಆಧಾರ ಎಂಬ ಪ್ರಶ್ನೆಗಳಿಗೆ ಉತ್ತರವಿಲ್ಲದ ವರದಿ ಲೆಕ್ಕವಾಗಿ ಶುದ್ಧವಾಗಿದ್ದರೂ ತೀರ್ಮಾನವಾಗಿ ಅಪೂರ್ಣ. ಪಕ್ಷಪಾತವಿದೆಯೋ ಇಲ್ಲವೋ ಎಂಬುದು ಸಾಬೀತಾಗದ ಸಂಗತಿಯಾಗಬಹುದು. ಕಾರಣ ಬರೆದಿಲ್ಲ ಎಂಬುದಕ್ಕೆ ಮಾತ್ರ ಆ ಕಾಗದವೇ ಸಾಕ್ಷಿ.

ಇಷ್ಟಾದರೂ ತಪ್ಪೆಲ್ಲ ಸರ್ವೇಯರನದೇ ಎನ್ನುವುದು ಸರಿಯಲ್ಲ, ಏಕೆಂದರೆ ಅವನು ಓದುವ ಮೊದಲ ಬರಹ ಕ್ಲೇಮ್ ಫಾರಂ, ಮತ್ತು ಅದರಲ್ಲಿ ಅಪಘಾತ ಹೇಗಾಯಿತೆಂದು ಬರೆಯಬೇಕಾದ ಎರಡು ಸಾಲನ್ನು ಮಾಲೀಕ ಅನೇಕ ವೇಳೆ ತಾನು ಬರೆಯುವುದೇ ಇಲ್ಲ. ಗ್ಯಾರೇಜಿನ ಸಿಬ್ಬಂದಿ ‘ಅಡ್ಡ ಬಂದ ನಾಯಿಯನ್ನು ತಪ್ಪಿಸಲು ಹೋಗಿ ಡಿವೈಡರಿಗೆ ತಾಗಿತು’ ಎಂಬ ರೂಢಿಯ ವಾಕ್ಯ ಬರೆದು ಕೆಳಗೆ ಸಹಿ ಹಾಕಿಸಿಕೊಳ್ಳುತ್ತಾರೆ. ಎಲ್ಲಾ ಊರಿನ ನಾಯಿಗಳೂ ಕಾರುಗಳ ಎಡಬದಿಗೇ ಏಕೆ ಅಡ್ಡ ಬರುತ್ತವೆ ಎಂದು ಯಾರೂ ಕೇಳುವುದಿಲ್ಲ. ಆದರೆ ಕಾರಿನ ಹಾನಿ ಎಡಗಡೆಯಿದ್ದು, ಡಿವೈಡರಿನ ಎತ್ತರಕ್ಕೂ ಗುದ್ದಿನ ಎತ್ತರಕ್ಕೂ ಹೊಂದದೆ ಹೋದಾಗ, ಅದೇ ವಾಕ್ಯ ‘ಹೇಳಿದ ಕಾರಣಕ್ಕೂ ಕಂಡ ಹಾನಿಗೂ ತಾಳೆಯಾಗುವುದಿಲ್ಲ’ ಎಂಬ ನಿರಾಕರಣೆಯ ಆಧಾರವಾಗುತ್ತದೆ. ತನ್ನದಲ್ಲದ ಮಾತಿಗೆ ಸಹಿ ಹಾಕಿದವನು ಆಮೇಲೆ ನಿಜ ಹೇಳಿದರೂ ಅದು ತಿದ್ದಿಕೊಂಡ ಹೇಳಿಕೆಯಂತೆ ಕಾಣುವುದರಿಂದ, ನಿಜವಾದ ಅಪಘಾತವೂ ಅನುಮಾನಕ್ಕೆ ಸಿಕ್ಕಿಬೀಳುತ್ತದೆ.

ಪಾಲಿಸಿಯ ಷರತ್ತುಗಳಲ್ಲಿ ಹೆಚ್ಚು ಸೂಕ್ಷ್ಮವಾಗಿ ಓದಬೇಕಾದದ್ದು, ಅಪಘಾತದ ನಂತರ ದುರಸ್ತಿಗೆ ಮುಂಚೆ ವಾಹನ ಓಡಿಸಿದರೆ ಅದರಿಂದ ಹೆಚ್ಚಿದ ಹಾನಿಗೆಲ್ಲ ಮಾಲೀಕನೇ ಹೊಣೆ ಎನ್ನುವ ಷರತ್ತು. ರಸ್ತೆಯ ಕಲ್ಲಿಗೆ ಬಡಿದು ಆಯಿಲ್ ಸಂಪ್, ಅಂದರೆ ಎಂಜಿನ್ನಿನ ತಳದಲ್ಲಿ ಎಣ್ಣೆ ನಿಲ್ಲುವ ಬಟ್ಟಲು ಒಡೆದು, ಎಣ್ಣೆ ಸೋರಿಹೋಗಿ, ಮುಂದೆ ಎಂಜಿನ್ ಸೀಜ್ ಆದ ಸಂದರ್ಭಗಳಲ್ಲಿ ಕಂಪನಿಗಳು ಸಂಪಿನ ಬೆಲೆಯನ್ನಷ್ಟೇ ಒಪ್ಪಿ ಎಂಜಿನ್ನಿನದನ್ನು ‘ತರುವಾಯದ ನಷ್ಟ’ ಎಂದು ತಳ್ಳಿಹಾಕುವುದು ಈ ಷರತ್ತಿನ ಬಲದಿಂದ. ಎಣ್ಣೆಯ ಕೆಂಪು ದೀಪ ಹೊತ್ತಿದ ಮೇಲೂ ಹತ್ತು ಕಿಲೋಮೀಟರು ಓಡಿಸಿದವನಿಗೆ ಈ ಉತ್ತರ ಸರಿಯೇ. ಆದರೆ ದೀಪ ಹೊತ್ತಿದ ತಕ್ಷಣ ಬದಿಗೆ ತಂದು ನಿಲ್ಲಿಸಿದವನಿಗೂ, ಮುಂದೆ ಒಂದು ತಿರುವು ಬರುವವರೆಗೆ ಹೋಗಲೇಬೇಕಾಗಿದ್ದವನಿಗೂ ಅದೇ ಅಚ್ಚಿನ ವಾಕ್ಯ ಬರುವಾಗ ಷರತ್ತಿನ ಉದ್ದೇಶವೇ ಮರೆಯಾಗುತ್ತದೆ. ಎಣ್ಣೆ ಎಷ್ಟು ದೂರ ಚೆಲ್ಲಿತ್ತೆಂದು ರಸ್ತೆಗಿಳಿದು ನೋಡುವ ಸ್ಥಳ ಪರಿಶೀಲನೆ ಇದಕ್ಕೆ ಬೇಕು. ಗ್ಯಾರೇಜಿನ ಲಿಫ್ಟಿನ ಕೆಳಗೆ ನಿಂತು ತೆಗೆದ ಫೋಟೊದಿಂದ ಅದು ತಿಳಿಯದು.

ನ್ಯಾಯಾಲಯಗಳ ನಿಲುವು ಈ ಬಳಕೆಗಿಂತ ಸಾಕಷ್ಟು ಮುಂದಿದೆ. ಸರ್ವೇಯರ್ ವರದಿಗೆ ಮಹತ್ವವಿದ್ದರೂ ಅದೇ ಕೊನೆಯ ಮಾತಲ್ಲ ಎಂದು ಸುಪ್ರೀಂ ಕೋರ್ಟ್ 2009ರಲ್ಲಿ ಅಪಘಾತಕ್ಕೀಡಾದ ಲಾರಿಯೊಂದರ ಪ್ರಕರಣದಲ್ಲಿ ಹೇಳಿತು. ತನಗೆ ಬೇಕಾದ ವರದಿ ಸಿಗುವವರೆಗೆ ಕಂಪನಿ ಒಬ್ಬರ ಮೇಲೊಬ್ಬ ಸರ್ವೇಯರನನ್ನು ನೇಮಿಸುತ್ತ ಹೋಗುವಂತಿಲ್ಲ ಎಂಬ ತೀರ್ಪೂ ಅದೇ ವರ್ಷದ್ದು. ‘ಪೂರ್ಣ ಮತ್ತು ಅಂತಿಮ’ ಎಂದು ಬರೆದ ಡಿಸ್ಚಾರ್ಜ್ ವೋಚರಿಗೆ, ಅಂದರೆ ಹಣ ಮುಟ್ಟಿದ್ದಕ್ಕೆ ಕೊಡುವ ರಸೀದಿಗೆ ಸಹಿ ಹಾಕಿದ ಮಾತ್ರಕ್ಕೆ ಉಳಿದ ಹಣ ಕೇಳುವ ಹಕ್ಕು ತಾನಾಗಿ ಹೋಗುವುದಿಲ್ಲವೆಂದು ಅದೇ ನ್ಯಾಯಾಲಯ 1999ರಲ್ಲೇ ಹೇಳಿದೆ. ಆದರೆ ಆ ಸಹಿ ವಂಚನೆ, ತಪ್ಪು ಮಾಹಿತಿ ಅಥವಾ ಒತ್ತಡದಿಂದ ಬಂದದ್ದೆಂದು ತೋರಿಸುವ ಹೊರೆ ಮಾಲೀಕನದು. ದಾಖಲೆ ಸಾಲದೆಂಬ ಒಂದೇ ನೆಪದಿಂದ ಕ್ಲೇಮು ತಿರಸ್ಕರಿಸಬಾರದೆಂದು 2024ರ ಐಆರ್‌ಡಿಎಐ ಸುತ್ತೋಲೆಯೂ ವಿಧಿಸಿದೆ.

ಕಂಪನಿಗೆ ಲಿಖಿತ ದೂರು ಕೊಟ್ಟು ಒಂದು ತಿಂಗಳೊಳಗೆ ಉತ್ತರ ಬಾರದಿದ್ದರೆ, ಅಥವಾ ಬಂದ ಉತ್ತರ ಒಪ್ಪಿಗೆಯಾಗದಿದ್ದರೆ, ಒಂದು ವರ್ಷದೊಳಗೆ ವಿಮಾ ಓಂಬುಡ್ಸ್‌ಮನ್ ಬಳಿ ಹೋಗಬಹುದು. ಶುಲ್ಕವಿಲ್ಲ, ವಕೀಲರಿಗೆ ಪ್ರವೇಶವಿಲ್ಲ, 50 ಲಕ್ಷ ರೂಪಾಯಿವರೆಗೆ ಕೊಡಿಸುವ ಅಧಿಕಾರವಿದೆ, ತೀರ್ಪು ಕಂಪನಿಯನ್ನು ಕಟ್ಟಿಹಾಕುತ್ತದೆಯೇ ಹೊರತು ದೂರುದಾರನನ್ನಲ್ಲ. ಕರ್ನಾಟಕದವರಿಗೆ ಬೆಂಗಳೂರಿನ ಜೆ.ಪಿ. ನಗರದಲ್ಲಿ ಕಚೇರಿಯಿದೆ. ಎರಡು ವರ್ಷದ ಅವಧಿಯೊಳಗೆ ಜಿಲ್ಲಾ ಗ್ರಾಹಕ ಆಯೋಗದ ದಾರಿಯೂ ಬೇರೆ ತೆರೆದಿದೆ. ಕಾಗದದ ಮೇಲೆ ಇಷ್ಟು ಉದಾರವಾದ ಏರ್ಪಾಟಿಗೆ ಮಾಲೀಕ ಹೋಗುವಾಗ ಕೈಯಲ್ಲಿ ಹಿಡಿದಿರಬೇಕಾದದ್ದು ಸರ್ವೇ ವರದಿಯ ಪ್ರತಿ. ಮೌಲ್ಯಮಾಪನಕ್ಕೆ ಮಾಲೀಕನ ಒಪ್ಪಿಗೆ ಇದೆಯೋ ಇಲ್ಲವೋ ಎಂಬುದನ್ನು ವರದಿಯಲ್ಲಿ ನಮೂದಿಸಬೇಕೆಂದು ಸರ್ವೇಯರುಗಳಿಗಾಗಿ ರೂಪಿಸಿದ 2015ರ ನಿಯಮಾವಳಿ ಹೇಳಿದ್ದರೂ, ಆ ಸಾಲು ಖಾಲಿ ಬಿಟ್ಟ ವರದಿ ಎಷ್ಟೋ ಬಾರಿ ಅವನ ಕಣ್ಣಿಗೆ ಬೀಳುವುದು ವಿಚಾರಣೆಯ ದಿನ, ‘ಟಿಂಕರಿಂಗ್ ಸಾಕು’ ಎನಿಸಿಕೊಂಡ ಬಾನೆಟ್ಟು ಗುಜರಿಗೆ ಹೋಗಿ ತಿಂಗಳುಗಳಾದ ಮೇಲೆ.