ಐವತ್ತೈದರಲ್ಲಿ ಎಂಟು ಹೊಡೆಯುವುದು

ಎಲ್ ಬೋರ್ಡಿನ ಅಳತೆಯ ವಿಷಯದಲ್ಲಿ ನಮ್ಮ ಕಾನೂನಿಗೆ ಯಾವ ಗೊಂದಲವೂ ಇಲ್ಲ. ಬಿಳಿ ಹಲಗೆ 18 ಸೆಂಟಿಮೀಟರ್ ಚೌಕಕ್ಕಿಂತ ಕಡಿಮೆ ಇರಬಾರದು. ಕೆಂಪು ಅಕ್ಷರ 10 ಸೆಂ.ಮೀ. ಎತ್ತರ, 2 ಸೆಂ.ಮೀ. ದಪ್ಪ ಇರಬೇಕು. ಇದು 1989ರ ಕೇಂದ್ರ ಮೋಟಾರು ವಾಹನ ನಿಯಮಗಳಲ್ಲಿ ಮೂರನೆಯದು. ಅದೇ ನಿಯಮ ಮತ್ತೊಂದು ಮಾತನ್ನೂ ಹೇಳುತ್ತದೆ: ಕಲಿಯುವವರ ಜೊತೆಗೆ ಲೈಸನ್ಸ್ ಇದ್ದವರೊಬ್ಬರು ಇರಬೇಕು, ಅವರು ಗಾಡಿಯನ್ನು ಹತೋಟಿಗೆ ತರಲು ಅಥವಾ ನಿಲ್ಲಿಸಲು ಆಗುವಂಥ ಜಾಗದಲ್ಲಿ ಕೂತಿರಬೇಕು. ಕಾರಿಗೆ ಸರಿ. ಸೈಕಲ್ ಮೋಟರಿನಲ್ಲಿ ಹಿಂದೆ ಕೂತ ಮಗನೋ ಅಳಿಯನೋ, ಮುಂದೆ ಕೂತ ಅಪ್ಪನ ಬಲಗಾಲಿನ ಕೆಳಗಿರುವ ಬ್ರೇಕನ್ನು ಎಲ್ಲಿಂದ ಒತ್ತಬೇಕು? ನಿಯಮ ಬರೆದವರ ತಲೆಯಲ್ಲಿ ಓಡುತ್ತಿದ್ದದ್ದು ನಾಲ್ಕು ಗಾಲಿಯ ಗಾಡಿ. ಎರಡು ಗಾಲಿಯದು ಆಮೇಲೆ ಒಂದು ಉಪವಾಕ್ಯವಾಗಿ ಬಂದು ಸೇರಿಕೊಂಡಿದೆ.

ಈ ನಿಯಮಗಳನ್ನು ಒಂದು ಕೃತಿಯ ಹಾಗೆ ಕೂತು ಓದಬೇಕು ಅನ್ನಿಸಿದ್ದು ಗೋಕಾಕ, ಮೂಡಲಗಿ, ಹುಕ್ಕೇರಿ ಕಡೆ ಗಾಡಿ ಕಲಿಯುತ್ತಿರುವವರ ವಯಸ್ಸನ್ನು ನೋಡಿ. ಹದಿನೆಂಟರ ಹುಡುಗರಿಗೆ ಯಾರೂ ಕಲಿಸಬೇಕಿಲ್ಲ, ಅವರು ಲೈಸನ್ಸಿಗೆ ಮುಂಚೆಯೇ ಕಲಿತಿರುತ್ತಾರೆ. ಹೊಸದಾಗಿ ಹ್ಯಾಂಡಲ್ ಹಿಡಿಯುತ್ತಿರುವವರು ಬೇರೆ. ಮಗ ಪುಣೆಗೋ ಬೆಂಗಳೂರಿಗೋ ಹೋದ ಮೇಲೆ ತೋಟಕ್ಕೆ ಒಬ್ಬನೇ ಓಡಾಡಬೇಕಾದ ಐವತ್ತೈದರ ರೈತ. ಇಷ್ಟು ವರ್ಷ ಗಂಡನ ಹಿಂದೆ ಒಂದು ಬದಿಗೆ ಕಾಲು ಹಾಕಿ ಕೂತು, ಈಗ ತಾನೇ ಸ್ಕೂಟಿ ಹಿಡಿದ ಅಂಗನವಾಡಿ ಕಾರ್ಯಕರ್ತೆ. ಇವರ ಬಗ್ಗೆ ಕಾನೂನು ಏನು ಯೋಚಿಸಿದೆ?

ಯೋಚಿಸಿಲ್ಲ ಎಂದು ಹೇಳುವಂತಿಲ್ಲ, ವಯಸ್ಸಿನ ಬಗ್ಗೆ ಯೋಚಿಸಿದೆ. 1988ರ ಮೋಟಾರು ವಾಹನ ಕಾಯ್ದೆಯ 14ನೇ ಕಲಮಿಗೆ 2019ರಲ್ಲಿ ತಿದ್ದುಪಡಿಯಾಯಿತು. ಅದರಂತೆ ಮೂವತ್ತು ತುಂಬದವರಿಗೆ ಲೈಸನ್ಸ್ ನಲವತ್ತರವರೆಗೆ ನಡೆಯುತ್ತದೆ. ಮೂವತ್ತರಿಂದ ಐವತ್ತರೊಳಗಿನವರಿಗೆ ಹತ್ತು ವರ್ಷ, ಐವತ್ತರಿಂದ ಐವತ್ತೈದರೊಳಗಿನವರಿಗೆ ಅರವತ್ತು ತುಂಬುವವರೆಗೆ, ಐವತ್ತೈದು ದಾಟಿದವರಿಗೆ ಐದೈದು ವರ್ಷ. ಲೆಕ್ಕ ಹಾಕಿ ನೋಡಿ: ನಿನ್ನೆ ಹದಿನೆಂಟು ತುಂಬಿದ ಹುಡುಗ ಇವತ್ತು ಪಾಸಾದರೆ 22 ವರ್ಷ ಅವನ ಕಣ್ಣು, ಕೈ, ಬುದ್ಧಿ ಯಾವುದನ್ನೂ ಯಾರೂ ಕೇಳುವುದಿಲ್ಲ. ಅದೇ ಮೈದಾನದಲ್ಲಿ ಅದೇ ದಿನ ಪಾಸಾದ ಕಾಕಾ ಐದು ವರ್ಷಕ್ಕೆ ಮತ್ತೆ ಬರಬೇಕು. ಬರಲಿ, ತಪ್ಪೇನಿಲ್ಲ. ಆದರೆ ಹೊಸಬರಿಗೆ ಅಪಾಯ ಹೆಚ್ಚಿರುವುದು ಮೊದಲ ತಿಂಗಳುಗಳಲ್ಲಿ, ಐದನೇ ವರ್ಷದಲ್ಲಿ ಅಲ್ಲ. ಮೂವತ್ತು ವರ್ಷ ಗಾಡಿ ಹೊಡೆದು ನವೀಕರಣಕ್ಕೆ ಬಂದವರನ್ನೂ ಮೂವತ್ತು ದಿನದ ಹಿಂದೆ ಗಾಡಿ ಹತ್ತಿದವರನ್ನೂ ಈ ಕಲಮು ಒಂದೇ ಸಾಲಿನಲ್ಲಿ ನಿಲ್ಲಿಸುತ್ತದೆ. ಅದಕ್ಕೆ ಮುಪ್ಪು ಕಾಣುತ್ತದೆ, ಹೊಸಗೈ ಕಾಣುವುದಿಲ್ಲ.

ನಲವತ್ತು ದಾಟಿದ ಅರ್ಜಿದಾರರು ವೈದ್ಯರಿಂದ ಫಾರ್ಮ್ 1ಎ ಬರೆಸಿಕೊಂಡು ಬರಬೇಕು. ಕೆಂಪು ಹಸಿರು ಗುರುತಿಸುತ್ತಾರೆಯೇ, ಕಿವಿ ಕೇಳುತ್ತದೆಯೇ, ಇರುಳುಗಣ್ಣು ಇದೆಯೇ ಎಂಬ ಪ್ರಶ್ನೆಗಳ ನಡುವೆ ಒಂದು ನನಗೆ ಬಹಳ ಕುತೂಹಲದ್ದು: ಒಳ್ಳೆಯ ಹಗಲಿನ ಬೆಳಕಿನಲ್ಲಿ 25 ಮೀಟರ್ ದೂರದಿಂದ ಕಾರಿನ ನಂಬರ್ ಪ್ಲೇಟ್ ಓದಬಲ್ಲರೇ? ಗಂಟೆಗೆ 40 ಕಿ.ಮೀ. ವೇಗದಲ್ಲಿ 25 ಮೀಟರ್ ದಾಟಲು ಬೇಕಾಗುವುದು ಎರಡೂಕಾಲು ಸೆಕೆಂಡು. ಹಗಲಿನಲ್ಲಿ ಅದು ಸಾಲಬಹುದು. ದಸರೆ ದೀಪಾವಳಿಯ ಹೊತ್ತಿಗೆ ಸಂಕೇಶ್ವರ, ಹುಣಶ್ಯಾಳದ ಕಡೆಯ ಕಾರ್ಖಾನೆಗಳು ಕಬ್ಬು ನುರಿಸಲು ಶುರುಮಾಡಿದ ಮೇಲೆ ಈ ಮೂರು ತಾಲ್ಲೂಕಿನ ರಸ್ತೆಗಳಲ್ಲಿ ಸಂಜೆ ಏಳಕ್ಕೆ ಒಮ್ಮೆ ಹೋಗಿ ನೋಡಿ. ಒಂದು ಟ್ರ್ಯಾಕ್ಟರ್, ಹಿಂದೆ ಎರಡು ಟ್ರೇಲರ್, ಗಾಡಿಯ ಅಗಲವನ್ನು ಮೀರಿ ಹೊರಚಾಚಿದ ಕಬ್ಬು. ಹಿಂದಿನ ದೀಪವೂ ಪ್ರತಿಫಲಕವೂ ಇದ್ದರೆ ಅದೃಷ್ಟ. ಎದುರಿನಿಂದ ಯಾರದೋ ಹೈ ಬೀಮ್. ವಯಸ್ಸಾದ ಕಣ್ಣಿಗೆ ಆ ಬೆಳಕು ಬಡಿದರೆ ದೃಷ್ಟಿ ತಿಳಿಯಾಗಲು ಎಳೆಯ ಕಣ್ಣಿಗಿಂತ ಹೆಚ್ಚು ಹೊತ್ತು ಬೇಕು. ಪೊರೆ ಬರುತ್ತಿದ್ದರಂತೂ ಬೆಳಕೆಲ್ಲ ಚೆದುರಿ ಹೂವಾಗುತ್ತದೆ. ನಂಬರ್ ಪ್ಲೇಟ್ ಓದಿಸುವ ಪರೀಕ್ಷೆಯಲ್ಲಿ ಇದು ಸಿಕ್ಕಿಬೀಳುವುದಿಲ್ಲ, ಇರುಳುಗಣ್ಣಿನ ಪ್ರಶ್ನೆಗೆ ‘ಇಲ್ಲ’ ಎಂದು ಬರೆದರೂ ಸುಳ್ಳಾಗುವುದಿಲ್ಲ.

ಕಣ್ಣಿನ ಮಾತು ಹೇಗೋ ಫಾರ್ಮಿನಲ್ಲಿ ಇದೆ. ಕೈಯ ಮಾತು ಎಲ್ಲಿಯೂ ಇಲ್ಲ. ನಮ್ಮ ಕಡೆ ಐವತ್ತು ದಾಟಿದ ಗಂಡಸರಲ್ಲಿ ಬಹುಪಾಲು ಜನ ಸೈಕಲ್ ತುಳಿದವರು. ಸಮತೋಲ ಅವರಿಗೆ ಬರುತ್ತದೆ, ಆದ್ದರಿಂದ ಬೇಗ ಕಲಿಯುತ್ತಾರೆ ಎಂಬುದು ಸಾಮಾನ್ಯ ನಂಬಿಕೆ. ಅರ್ಧ ನಿಜ. ಸೈಕಲ್ಲಿನಲ್ಲಿ ಸಾಮಾನ್ಯವಾಗಿ ಬಲಗೈಯದು ಮುಂದಿನ ಬ್ರೇಕು, ಎಡಗೈಯದು ಹಿಂದಿನದು. ನಲವತ್ತು ವರ್ಷ ಎಮ್ಮೆ ಅಡ್ಡ ಬಂದಾಗಲೆಲ್ಲ ಎಡಗೈ ಬಿಗಿ ಹಿಡಿದು ರೂಢಿ. ಗೇರಿನ ಸೈಕಲ್ ಮೋಟರಿನಲ್ಲಿ ಆ ಎಡಗೈಗೆ ಸಿಗುವುದು ಕ್ಲಚ್. ಹಿಂದಿನ ಬ್ರೇಕು ಬಲಗಾಲಿಗೆ ಇಳಿದಿರುತ್ತದೆ. ಗಾಬರಿಯಲ್ಲಿ ಎಡಗೈ ಹಿಡಿದರೆ ಎಂಜಿನ್ನಿನ ತಡೆ ತಪ್ಪಿ ಗಾಡಿ ಇನ್ನೂ ಸಲೀಸಾಗಿ ಮುಂದಕ್ಕೆ ಜಾರುತ್ತದೆ! ಗೇರಿಲ್ಲದ ಸ್ಕೂಟರಿನಲ್ಲಿ ಎಡಗೈ ಬ್ರೇಕಾಗಿಯೇ ಉಳಿಯುತ್ತದೆ, ಸೈಕಲ್ಲಿನ ಕೈ ಅಲ್ಲಿ ಮೋಸ ಹೋಗುವುದಿಲ್ಲ. 2019ರ ಏಪ್ರಿಲ್‌ನಿಂದ 125 ಸಿಸಿವರೆಗಿನ ಹೊಸ ಗಾಡಿಗಳಿಗೆ ಎರಡೂ ಬ್ರೇಕು ಒಟ್ಟಿಗೆ ಹಿಡಿಯುವ ವ್ಯವಸ್ಥೆಯಾದರೂ ಇರಲೇಬೇಕು ಎಂದಾಯಿತಲ್ಲ, ಸ್ಕೂಟರಿನಲ್ಲಿ ಅದನ್ನು ಕೊಟ್ಟಿರುವುದು ಇದೇ ಎಡಗೈಗೆ. ವಯಸ್ಸಾದ ಹೊಸಬರಿಗೆ ಲೈಸನ್ಸಿನ ನಿಯಮಕ್ಕಿಂತ ಗಾಡಿಯ ನಿಯಮವೇ ಹೆಚ್ಚು ಉಪಕಾರ ಮಾಡಿದೆ.

ಹಾಗೆಂದು ಪರೀಕ್ಷೆಯ ಪಠ್ಯ ಕೆಟ್ಟದ್ದಲ್ಲ. ನ್ಯಾಯವಾಗಿ ಹೇಳಬೇಕೆಂದರೆ 15ನೇ ನಿಯಮವನ್ನು ಬರೆದವರು ರಸ್ತೆ ಗೊತ್ತಿದ್ದವರು. ತುರ್ತಾಗಿ ನಿಲ್ಲಿಸಬೇಕು, ಇಳಿಜಾರಿನಲ್ಲಿ ಗೇರು ಇಳಿಸಬೇಕು, ಕಡಿದಾದ ಏರಿನಲ್ಲಿ ನಿಂತು ಮತ್ತೆ ಹೊರಡಬೇಕು, ಕನ್ನಡಿ ನೋಡಿ ಸನ್ನೆ ಮಾಡಿ ತಿರುಗಬೇಕು ಎಂದೆಲ್ಲ ಅಲ್ಲಿದೆ. ಬೆಳಗಾವಿ ದಾರಿಯ ವಂಟಮೂರಿ ಘಾಟಿನಲ್ಲಿ ಸಿಕ್ಕಿಕೊಂಡ ಯಾರಿಗಾದರೂ ಇವು ಎಷ್ಟು ಬೇಕಾದ ವಿದ್ಯೆಗಳು ಎಂದು ಗೊತ್ತು. ಆದರೆ ರಾಜ್ಯದ ಬಹಳಷ್ಟು ಕಡೆ ಎರಡು ಗಾಲಿಯ ಪರೀಕ್ಷೆ ಎಂದರೆ ಜನರ ಬಾಯಲ್ಲಿ ಇಷ್ಟೇ: “ಎಂಟ ಹೊಡದ್ರ ಆತ್ರಿ ಕಾಕಾ, ಕಾಲ ಕೆಳಗ ಇಡಬ್ಯಾಡ್ರಿ ಅಷ್ಟ.” ಸಪಾಟು ಮೈದಾನ, ಮಟಮಟ ಮಧ್ಯಾಹ್ನ, ನಡೆದು ಹೋಗುವ ವೇಗ. ಎಂಟು ಹೊಡೆಯುವುದು ಸಮತೋಲದ ಪರೀಕ್ಷೆ, ಅಂದರೆ ಹಳೆಯ ಸೈಕಲ್ ಸವಾರರಿಗೆ ಈಗಾಗಲೇ ಬರುವುದರ ಪರೀಕ್ಷೆ. ಅವರಿಗೆ ಬಾರದಿರುವುದು ಬ್ರೇಕು, ಅದನ್ನು ಯಾರೂ ಕೇಳುವುದಿಲ್ಲ. ಅತ್ತ ಎಂದೂ ಸೈಕಲ್ ಹತ್ತದ ಹೆಣ್ಣುಮಗಳು ಬ್ರೇಕನ್ನು ಮೊದಲೇ ಚೆನ್ನಾಗಿ ಕಲಿತಿರುತ್ತಾಳೆ, ಎಂಟರ ಸೊಂಟದಲ್ಲಿ ಕಾಲು ಊರಿ ಫೇಲಾಗುತ್ತಾಳೆ.

ಕಲಿಕೆಯ ಅವಧಿಯೂ ಹೀಗೆಯೇ. ಲರ್ನಿಂಗ್ ಲೈಸನ್ಸ್ ಆರು ತಿಂಗಳು ನಡೆಯುತ್ತದೆ, ಮೂವತ್ತು ದಿನ ಕಳೆದರೆ ಪರೀಕ್ಷೆಗೆ ಹೋಗಬಹುದು. ಆ ಮೂವತ್ತು ದಿನ ಗಾಡಿ ಶೆಡ್ಡಿನಲ್ಲಿ ನಿಂತಿತ್ತೋ ಓಡಿತೋ ಲೆಕ್ಕಕ್ಕಿಲ್ಲ. ಪಾಸಾದ ಮೇಲೆ ಕೈಗೆ ಬರುವ ಕಾರ್ಡಿನಲ್ಲಿ ಎರಡೇ ಜಾತಿ: ಗೇರಿಲ್ಲದ್ದು, ಗೇರಿನದ್ದು. 100 ಸಿಸಿಯ ಸ್ಪ್ಲೆಂಡರ್ ಮೇಲೆ ಎಂಟು ಹೊಡೆದವರು ಮರುದಿನ 650 ಸಿಸಿಯ ಬುಲೆಟ್ ವಂಶದ ಗಾಡಿ ಹತ್ತಿದರೂ ಕಾನೂನು ಮೆಚ್ಚುತ್ತದೆ. ಯುರೋಪಿನಲ್ಲಿ 2013ರ ಜನವರಿಯಿಂದ ಎಂಜಿನ್ನಿನ ಶಕ್ತಿಗೆ ತಕ್ಕಂತೆ ಮೂರು ಮೆಟ್ಟಿಲುಗಳಿವೆ. ಆದರೆ ಇಪ್ಪತ್ತನಾಲ್ಕು ತುಂಬಿದವರು ಕೆಳಗಿನ ಮೆಟ್ಟಿಲು ಬಿಟ್ಟು ನೇರ ದೊಡ್ಡ ಗಾಡಿಯ ಪರೀಕ್ಷೆಗೇ ಕೂರಬಹುದು. ವಯಸ್ಸಾದರೆ ವಿವೇಕ ಬಂದಿರುತ್ತದೆ ಎಂಬ ಎಣಿಕೆ. ವಿವೇಕ ಬಂದಿರಬಹುದು, ಎಡಗೈ ಬಂದಿರುತ್ತದೆಯೇ? ಬ್ರಿಟನ್ನಿನವರು ಮಾತ್ರ 1990ರಿಂದ ಒಂದು ಕೆಲಸ ಸರಿಯಾಗಿ ಮಾಡಿಕೊಂಡು ಬಂದಿದ್ದಾರೆ: ಹೊಸದಾಗಿ ಮೋಟರ್ ಸೈಕಲ್ ಕಲಿಯುವವರು, ಹದಿನೆಂಟಾಗಲಿ ಅರವತ್ತಾಗಲಿ, ರಸ್ತೆಗೆ ಒಂಟಿಯಾಗಿ ಇಳಿಯುವ ಮುಂಚೆ ಶಿಕ್ಷಕರ ಕೈಯಲ್ಲಿ ಮೈದಾನದಲ್ಲೂ ರಸ್ತೆಯಲ್ಲೂ ಮೂಲ ತರಬೇತಿ ಪಡೆಯಲೇಬೇಕು. ನಮ್ಮ ಸಣ್ಣ ಊರುಗಳ ಡ್ರೈವಿಂಗ್ ಸ್ಕೂಲು ಎಂದರೆ ಕಾರು. ಎರಡು ಗಾಲಿಯ ಗುರು ಮನೆಯ ಹುಡುಗನೇ. ಅವನು ಕಲಿಸುವುದು ಮೊದಲು ಎಕ್ಸಲೇಟರ್.

ಇದೆಲ್ಲ ಕೂದಲು ಸೀಳುವ ಚರ್ಚೆ ಎನ್ನುವವರಿಗೆ ಒಂದು ಅಂಕಿ: 2022ರಲ್ಲಿ ದೇಶದ ರಸ್ತೆಗಳಲ್ಲಿ ಸತ್ತವರು 1,68,491 ಮಂದಿ. ಅವರಲ್ಲಿ ನೂರಕ್ಕೆ ಸುಮಾರು 44 ಜನ ಎರಡು ಗಾಲಿಯ ಮೇಲಿದ್ದವರು.

ನನ್ನ ತಕರಾರು ನಿಯಮ ಬಿಗಿಯಾಗಿದೆ ಎಂದಲ್ಲ, ತಪ್ಪು ಜಾಗದಲ್ಲಿ ಬಿಗಿಯಾಗಿದೆ ಎಂದು. ಫೇಲಾದವರು ಏಳು ದಿನ ಬಿಟ್ಟು 300 ರೂಪಾಯಿ ಕಟ್ಟಿ ಮತ್ತೆ ಬರಬೇಕು, ಮೂರು ಸಲ ಫೇಲಾದರೆ 60 ದಿನ ಕಾಯಬೇಕು. ಅಂಥವರು ಡ್ರೈವಿಂಗ್ ಸ್ಕೂಲಿನಲ್ಲಿ ಮರುತರಬೇತಿ ಪಡೆಯಬೇಕು ಎಂಬ ಸಾಲು 2019ರ ತಿದ್ದುಪಡಿಯಿಂದ ಪುಸ್ತಕದಲ್ಲಿ ಇದೆ, ಆದರೆ ನಮ್ಮ ಸಣ್ಣ ಊರುಗಳ ಸ್ಕೂಲು ಕಲಿಸುವುದು ಕಾರನ್ನು. ನಾಲ್ಕು ಜನ ಹುಡುಗರ ಮುಂದೆ ಮೂರು ಸಲ ಕಾಲೂರಿದ ಅಕ್ಕನೋ ಕಾಕಾನೋ ನಾಲ್ಕನೇ ಸಲ ಆ ಮೈದಾನಕ್ಕೆ ಬರುವುದು ಕಷ್ಟ. ಬರಬೇಕಾಗಿಯೂ ಇಲ್ಲ. ಕಾಲು ಕಿಲೋವ್ಯಾಟಿಗಿಂತ ಕಡಿಮೆ ಶಕ್ತಿಯ, ಗಂಟೆಗೆ 25 ಕಿ.ಮೀ. ಮುಟ್ಟದ ಬ್ಯಾಟರಿ ಸ್ಕೂಟರ್ ನಮ್ಮ ನಿಯಮದ ಪ್ರಕಾರ ಮೋಟಾರು ವಾಹನವೇ ಅಲ್ಲ. ಅದಕ್ಕೆ ಲೈಸನ್ಸ್ ಬೇಡ, ನೋಂದಣಿ ಬೇಡ, ಎಲ್ ಬೋರ್ಡೂ ಬೇಡ. ಅಂಗಡಿಯಲ್ಲಿ ದುಡ್ಡು ಕೊಟ್ಟು, ಅಲ್ಲಿಂದಲೇ ಹತ್ತಿ, ಕಬ್ಬಿನ ಟ್ರೇಲರುಗಳ ನಡುವೆ ಊರಿಗೆ ಹೊರಡಬಹುದು.