ಎರಡು ಕೀಗಳ ನಡುವಿನ ಸ್ವರ

ಜಾಝ್ ಪಿಯಾನೋ ವಾದಕ ಥೆಲೋನಿಯಸ್ ಮಂಕ್‌ನನ್ನು ಮೊದಲ ಸಲ ಕೇಳಿದಾಗ, ಈ ಪಿಯಾನೋಗೆ ಶ್ರುತಿ ಮಾಡಿಸಿ ಎಷ್ಟು ಕಾಲವಾಯಿತೋ ಅಂದುಕೊಂಡಿದ್ದೆ. ಬೆರಳು ಜಾರಿ ಪಕ್ಕದ ಕೀ ಮೇಲೆ ಬಿದ್ದಂಥ ಅಪಸ್ವರ. ನಡುನಡುವೆ ನುಡಿಸುವುದನ್ನೇ ಮರೆತನೇನೋ ಎನ್ನಿಸುವ ಮೌನ. ಆಮೇಲೆ ಅದೇ ಕೃತಿಯನ್ನು ಬೇರೆ ವರ್ಷದ ಧ್ವನಿಮುದ್ರಣದಲ್ಲಿ ಕೇಳಿದೆ. ಅದೇ 'ತಪ್ಪು', ಅದೇ ಜಾಗದಲ್ಲಿ!

ಪಿಯಾನೋದಲ್ಲಿ ಗಮಕ ಹುಟ್ಟುವುದಿಲ್ಲ. ಹಾರ್ಮೋನಿಯಂ ಮೇಲೆ ನಮ್ಮವರ ಹಳೇ ತಕರಾರೂ ಇದೇ ತಾನೆ? ಬ್ಲೂಸ್ ಹಾಡುವವರ ಗಂಟಲು ಹುಡುಕುವ ಸ್ವರ ಎರಡು ಕೀಗಳ ನಡುವೆ ಎಲ್ಲೋ ಇರುತ್ತದೆ. ಮಂಕ್ ಆ ಎರಡನ್ನೂ ಒಟ್ಟಿಗೆ ಒತ್ತಿ, ಒಂದನ್ನು ತಟ್ಟನೆ ಬಿಡುತ್ತಾನೆ. ಉಳಿದದ್ದು ಬಾಗಿದಂತೆ ಕೇಳುತ್ತದೆ. ಗಮಕಕ್ಕೆ ಪಳಗಿದ ಕಿವಿಗೆ ಇದು ತಿಳಿಯಲು ಹೆಚ್ಚು ಹೊತ್ತು ಬೇಡ.

ಮಂಕ್ ಹುಟ್ಟಿದ್ದು 1917ರಲ್ಲಿ, ನಾರ್ತ್ ಕೆರೊಲಿನಾದಲ್ಲಿ; ಬೆಳೆದದ್ದು ನ್ಯೂಯಾರ್ಕಿನಲ್ಲಿ. 1940ರ ದಶಕದ ಆರಂಭದಲ್ಲಿ ಹಾರ್ಲೆಮ್‌ನ ಮಿಂಟನ್ಸ್ ಕ್ಲಬ್ಬಿನ ಪಿಯಾನೋ ಇವನದು. ಬೀಬಾಪ್ ಎಂಬ ಜಾಝ್ ಶೈಲಿ ರೂಪುಗೊಂಡ ಆ ಅಂಗಳದಲ್ಲಿ ಮಿಕ್ಕವರು ವೇಗದ ಬೆನ್ನು ಹತ್ತಿದರೆ ಇವನು ಸ್ವರಗಳನ್ನು ಕಳೆಯುತ್ತ ಹೋದ. ತನ್ನ ಹೆಸರಿನ ಮೊದಲ ರೆಕಾರ್ಡು ಬಂದದ್ದು 1947ರಲ್ಲಿ. 1951ರಲ್ಲಿ ಮಾದಕ ವಸ್ತುವಿನ ಪ್ರಕರಣದಲ್ಲಿ ಸಿಕ್ಕಿಬಿದ್ದು ಪೊಲೀಸರ ಪರವಾನಗಿ ಕಾರ್ಡು ಕಳೆದುಕೊಂಡ. ಆಗ ಕಾರ್ಡಿಲ್ಲದೆ ನ್ಯೂಯಾರ್ಕಿನ ಕ್ಲಬ್ಬುಗಳಲ್ಲಿ ನುಡಿಸುವಂತಿರಲಿಲ್ಲ. ಅದು ಮರಳಿ ಸಿಕ್ಕಿದ್ದು 1957ರಲ್ಲಿ. ಆ ವರ್ಷವೇ ಫೈವ್ ಸ್ಪಾಟ್ ಕ್ಲಬ್ಬಿನಲ್ಲಿ ಸ್ಯಾಕ್ಸೋಫೋನ್ ವಾದಕ ಜಾನ್ ಕೋಲ್ಟ್ರೇನ್ ಜೊತೆ ತಿಂಗಳುಗಟ್ಟಲೆ ನುಡಿಸಿದ.

ಅವನ ಶಿಖರ ರಿವರ್‌ಸೈಡ್ ಕಂಪನಿಗೆ ನುಡಿಸಿದ ಈ ಕಾಲವೇ. 'ಬ್ರಿಲಿಯಂಟ್ ಕಾರ್ನರ್ಸ್' ಎಂಬ ಕೃತಿ ಎಷ್ಟು ಜಟಿಲವೆಂದರೆ, 1956ರಲ್ಲಿ ಸ್ಯಾಕ್ಸೋಫೋನಿಗೆ ಸಾನಿ ರಾಲಿನ್ಸ್, ಡ್ರಮ್ಸ್‌ಗೆ ಮ್ಯಾಕ್ಸ್ ರೋಚ್‌ರಂಥವರು ಇದ್ದೂ 25 ಪ್ರಯತ್ನಗಳಲ್ಲಿ ಒಂದೂ ಪೂರ್ತಿಯಾಗಲಿಲ್ಲ. ಕೊನೆಗೆ ನಿರ್ಮಾಪಕ ಆರಿನ್ ಕೀಪ್‌ನ್ಯೂಸ್ ಟೇಪನ್ನು ಕತ್ತರಿಸಿ ಜೋಡಿಸಬೇಕಾಯಿತು. ಹೊಲಿಗೆ ಕಂಡರೂ ಬಟ್ಟೆ ರೇಷ್ಮೆಯದೇ.

1962ರಿಂದಾಚೆಗಿನ ಕೊಲಂಬಿಯಾ ಕಂಪನಿಯ ವರ್ಷಗಳ ಬಗ್ಗೆ ನನಗೆ ಅಷ್ಟು ಉತ್ಸಾಹವಿಲ್ಲ. 1964ರಲ್ಲಿ 'ಟೈಮ್' ಪತ್ರಿಕೆಯ ಮುಖಪುಟಕ್ಕೂ ಬಂದ, ಸರಿ. ಆದರೆ ಸುಮಾರು 70 ಕೃತಿಗಳ ಈ ಕರ್ತೃ ಬಹುಪಾಲನ್ನು ಆಗಲೇ ರಚಿಸಿ ಆಗಿತ್ತು. ಉಳಿದದ್ದು ಅದೇ ಸರದಿ: ಪಲ್ಲವಿಯಂತೆ ಮೂಲ ಧಾಟಿ, ಸ್ಯಾಕ್ಸೋಫೋನ್, ಪಿಯಾನೋ, ಮತ್ತೆ ಧಾಟಿ. ದೊಡ್ಡ ವಾದ್ಯವೃಂದದ ಜೊತೆಗಿನ 'ಮಂಕ್ಸ್ ಬ್ಲೂಸ್' ಅಂತೂ ಬೇಡವೇ ಬೇಡ.

ಹೊಸಬರು 1957ರ 'ಥೆಲೋನಿಯಸ್ ಹಿಮ್‌ಸೆಲ್ಫ್' ಆಲ್ಬಮ್ ಹುಡುಕಿ. ಒಂದು ಕೃತಿ ಬಿಟ್ಟರೆ ಬರೀ ಪಿಯಾನೋ. ಅದರ ಸಿಡಿಯಲ್ಲಿ ಆಮೇಲೆ ಸೇರಿಸಿದ ಸುಮಾರು 22 ನಿಮಿಷಗಳ ತುಣುಕೊಂದಿದೆ: ಹದಿಮೂರು ವರ್ಷ ಹಿಂದೆಯೇ ರೆಕಾರ್ಡಾಗಿದ್ದ ತನ್ನದೇ 'ರೌಂಡ್ ಮಿಡ್‌ನೈಟ್' ಅನ್ನು ಹೊಸಬನಂತೆ ತಡಕಾಡುತ್ತ, ನಿಲ್ಲಿಸುತ್ತ, ಮತ್ತೆ ಶುರುಮಾಡುತ್ತ ಕೂತಿದ್ದಾನೆ. ಪೂರ್ಣ ರೂಪಕ್ಕಿಂತ ಮೊದಲು ಇದನ್ನೇ ಕೇಳಿ.