ಕೆಂಡದ ಮೇಲಿನ ಪೊಟ್ಟ

ಪೊಟ್ಟನೆಂದರೆ ಕರಾವಳಿಯ ಮಾತಿನಲ್ಲಿ ಮೂಗ, ಪೆದ್ದ. ಕಾಸರಗೋಡು, ಕಣ್ಣೂರು ಸೀಮೆಗಳಲ್ಲಿ ಈ ಹೆಸರಿನದೊಂದು ದೈವವುಂಟು: ಪೊಟ್ಟನ್ ತೆಯ್ಯಂ. ಹೆಸರೇನೋ ಮೂಗನದು, ಆದರೆ ಅವನ ಬಾಯಿಗೆ ಎದುರು ನಿಲ್ಲುವುದು ಕಷ್ಟ. 1956ರವರೆಗೆ ಕಾಸರಗೋಡು ನಮ್ಮ ದಕ್ಷಿಣ ಕನ್ನಡ ಜಿಲ್ಲೆಯೊಳಗೇ ಇದ್ದುದರಿಂದ ಈ ದೈವವನ್ನು ಪೂರ್ತಿ ಪರನಾಡಿನದೆಂದು ದೂರವಿಡುವಂತೆಯೂ ಇಲ್ಲ.

ಕಥೆ ನಮಗೆ ಅಪರಿಚಿತವಲ್ಲ. ಸರ್ವಜ್ಞಪೀಠವನ್ನೇರಲು ಹೊರಟ ಶಂಕರಾಚಾರ್ಯರಿಗೆ ದಾರಿಯಲ್ಲಿ ಪುಲಯನೊಬ್ಬ ಎದುರಾಗುತ್ತಾನೆ. ಸರಿದು ನಿಲ್ಲೆಂದರೆ ನಿಲ್ಲುವುದಿಲ್ಲ, ವಾದಕ್ಕಿಳಿಯುತ್ತಾನೆ. ಕೊನೆಗೆ ಅವನು ಸಾಕ್ಷಾತ್ ಶಿವನೆಂದು ತಿಳಿಯುತ್ತದೆ. ಇದೇ ಪ್ರಸಂಗವನ್ನು ಕಾಶಿಯಲ್ಲಿ ನಡೆದುದೆಂದು ಹೇಳಿ ‘ಮನೀಷಾಪಂಚಕ’ದ ಹಿನ್ನೆಲೆಯಾಗಿ ಕೊಡುವ ವಾಡಿಕೆಯಿದೆ.

ಎರಡನ್ನೂ ಪಕ್ಕದಲ್ಲಿಟ್ಟು ನೋಡಬೇಕು. ಸಂಸ್ಕೃತದ ಚಂಡಾಲ ಕೇಳುವುದು ವೇದಾಂತದ ಪ್ರಶ್ನೆ: ಸರಿಯಬೇಕಾದುದು ದೇಹವೋ ಆತ್ಮವೋ? ಗಂಗೆಯಲ್ಲಿ ಹೊಳೆಯುವ ಸೂರ್ಯನಿಗೂ ಕೇರಿಯ ನೀರಿನಲ್ಲಿ ಹೊಳೆಯುವ ಸೂರ್ಯನಿಗೂ ಭೇದವುಂಟೋ? ಅವನು ಆಚಾರ್ಯರ ಭಾಷೆಯಲ್ಲಿಯೇ ಆಚಾರ್ಯರನ್ನು ಗೆಲ್ಲುತ್ತಾನೆ. ತೋಟ್ಟಂ ಹಾಡಿನ ಪುಲಯನ ಮಾತು ಬೇರೆ ಮಣ್ಣಿನದು. ಕಂಕುಳಲ್ಲಿ ಕೂಸು, ತಲೆಯ ಮೇಲೆ ಕಳ್ಳಿನ ಗಡಿಗೆ. ಸರಿಯುವುದಾದರೂ ಎಲ್ಲಿಗೆ ಎಂದು ಕೇಳುತ್ತಾನೆ. ತನ್ನವರು ತಿಪ್ಪೆಯ ಮೇಲೆ ನೆಟ್ಟ ಬಾಳೆಯ ಫಲವೇ ನಿಮ್ಮ ದೇವರ ಮುಂದೆ ಹೋಗುತ್ತದಲ್ಲ ಎನ್ನುತ್ತಾನೆ. ಕೊಯ್ದರೆ ಇಬ್ಬರ ಮೈಯಿಂದಲೂ ಬರುವುದು ನೆತ್ತರೇ ಅಲ್ಲವೇ ಎನ್ನುತ್ತಾನೆ. ಬ್ರಹ್ಮವೊಂದೇ ಎಂದು ಒಪ್ಪಿ ಮನೆಗೆ ಹೋಗಿ ನಿದ್ದೆಮಾಡಬಹುದು. ನೈವೇದ್ಯದ ಹಣ್ಣನ್ನು ಬೆಳೆದವರು ಯಾರೆಂಬ ಪ್ರಶ್ನೆಯನ್ನು ಅಷ್ಟು ಸುಲಭವಾಗಿ ಒಪ್ಪಿ ಮುಗಿಸಲಾಗದು.

ಆದರೂ ಇದನ್ನು ಜಾತಿಯ ವಿರುದ್ಧದ ಪ್ರತಿಭಟನೆಯೆಂದು ಕೊಂಡಾಡುವವರನ್ನು ಕಂಡಾಗ ನನಗೊಂದು ಸಂಶಯ ಬರುತ್ತದೆ. ಪುಲಯ ಗೆದ್ದದ್ದು ಶಿವನಾದ್ದರಿಂದಲೋ, ಅವನ ಮಾತು ನಿಜವಾದ್ದರಿಂದಲೋ? ಶಿವನಾದ್ದರಿಂದ ಎಂದಾದರೆ ಮರುದಿನ ಅದೇ ದಾರಿಯಲ್ಲಿ ಬಂದ ಬರಿಯ ಪುಲಯ ಮೊದಲಿನಂತೆ ಸರಿದು ನಿಲ್ಲಬೇಕಾದುದೇ ಸರಿ. ತುಳುನಾಡಿನ ಸಂಗತಿಯೂ ಇದಕ್ಕೆ ದೂರವಲ್ಲ. ಕೊರಗ ತನಿಯ ದೈವವಾಗಿ ಎಲ್ಲ ಜಾತಿಯವರಿಗೂ ‘ಅಜ್ಜ’ನಾದ, ಹರಕೆ ಹೊರದ ಮನೆಗಳು ಕಡಿಮೆ. ಆದರೆ ಉಗುರು ಕೂದಲು ಬೆರೆಸಿದ ಅನ್ನವನ್ನು ಕೊರಗರಿಗೆ ಉಣ್ಣಿಸುವ ಅಜಲು ಪದ್ಧತಿಯನ್ನು ತಡೆಯಲು ಕರ್ನಾಟಕ ಸರ್ಕಾರ ಕಾನೂನನ್ನೇ ಮಾಡಬೇಕಾಗಿ ಬಂತು, ಅದೂ 2000ದಲ್ಲಿ. ಅಜ್ಜನಿಗೆ ವೀಳ್ಯ, ಅಜ್ಜನ ಕುಲದವರಿಗೆ ಅಜಲು!

ಇಷ್ಟು ಹೇಳಿ ಕೈಬಿಡೋಣವೆಂದರೆ ತೆಯ್ಯಂ ಬಿಡುವುದಿಲ್ಲ. ಕಥೆಯನ್ನು ಓದುವುದು ಬೇರೆ, ಕೋಲವನ್ನು ನೋಡುವುದು ಬೇರೆ. ತೆಂಗಿನ ಎಳೆಗರಿಯನ್ನು ಸುತ್ತಿಕೊಂಡು, ಮೊಗವಾಡ ತೊಟ್ಟು, ಕೆಂಡದ ರಾಶಿಯ ಮೇಲೆ ಒರಗುತ್ತಾನೆ ಪೊಟ್ಟ. ಒರಗಿ, ಚಳಿಯಾಗುತ್ತದೆ ಎನ್ನುತ್ತಾನೆ. ಸುತ್ತ ನಿಂತವರು ನಗುತ್ತಾರೆ. ಕಟ್ಟಿದವನು ಪುಲಯನೋ ಮಲಯನೋ ಆಗಿರುತ್ತಾನೆ. ಕೈಮುಗಿದು ಪ್ರಸಾದಕ್ಕೆ ನಿಂತವರಲ್ಲಿ ಅವನ ಹಿರಿಯರನ್ನು ದೂರ ನಿಲ್ಲಿಸಿದವರ ಮಕ್ಕಳೂ ಇರುತ್ತಾರೆ. ಶಿವನೆಂದು ತಿಳಿಯುವ ಮುಕ್ತಾಯ ಎಲ್ಲರಿಗೂ ಮೊದಲೇ ಗೊತ್ತು. ಅದಕ್ಕಾಗಿ ಯಾರೂ ನಿದ್ದೆಗೆಡುವುದಿಲ್ಲ. ಕಾಯುವುದು ಆ ಕೊಂಕು ಮಾತುಗಳಿಗೆ. ಉಳ್ಳವರ ಖರ್ಚಿನಲ್ಲಿ, ಉಳ್ಳವರ ಅಂಗಳದಲ್ಲಿ, ಉಳ್ಳವರನ್ನೇ ಕೇಳುವ ಪ್ರಶ್ನೆಗಳವು; ದೈವದ ನುಡಿಯಾದುದರಿಂದ ನಡುವೆ ಬಾಯಿ ಹಾಕುವಂತಿಲ್ಲ. ಬದುಕನ್ನು ಇದು ಬದಲಿಸಿತೆಂದು ನಾನು ಹೇಳಲಾರೆ. ಪ್ರಶ್ನೆಯನ್ನು ಮರೆಯಲು ಬಿಡಲಿಲ್ಲವೆಂದು ಮಾತ್ರ ಹೇಳಬಹುದು.

ತೋಟ್ಟಂಗಳನ್ನು ಸಂಗ್ರಹಿಸುವವರಲ್ಲಿ ಒಂದು ವಿನಂತಿ. ಹಾಡಿನ ಪಾಠವನ್ನು ಅಚ್ಚುಹಾಕಿದರೆ ಸಾಲದು. ನೆರೆದವರೊಡನೆ ಪೊಟ್ಟ ಅಲ್ಲಲ್ಲಿಯೇ ಕಟ್ಟಿ ಆಡುವ ಮಾತುಗಳು, ಆ ಕುಚೋದ್ಯ, ಅದಕ್ಕೆ ಬಂದ ಉತ್ತರ, ಉತ್ತರ ಬಾರದೆ ತಲೆತಗ್ಗಿಸಿದವರ ಮೌನ, ಇವು ಪುಸ್ತಕಗಳಲ್ಲಿ ಉಳಿಯುವುದು ಅಪರೂಪ.